ಮಣ್ಣು ಯಾರು ತುಳೀಬೇಕು?



ಹೊನ್ನಾವರ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಕುಂಬಾರಿಕೆ ಕಲಿಸುವ ಮಾತು ನಡೀತಿದೆ. ಸಭೆಗೆ ನಾನೂ ಹೋಗಿದ್ದೆ. ಚರ್ಚೆಯೆಲ್ಲ ಭಟ್ಟಿಯದ್ದೇ: ಸೌದೆಯದ್ದೋ, ಕರೆಂಟಿನದ್ದೋ? ಸೌದೆಯದ್ದು ಅಗ್ಗ ಅಂದರು. ಸೌದೆ ಹೊರೋದು, ಬೂದಿ ತೆಗೆಯೋದು ಯಾರು ಅಂತ ಕೇಳಿದೆ. ಎಲ್ಲರೂ ಸುಮ್ಮನಾದರು. ಅಂಗಳ ಗುಡಿಸೋ ಮಕ್ಕಳು ಯಾವ ಕೇರಿಯವರು ಅಂತ ಎಲ್ಲರಿಗೂ ಗೊತ್ತು ಮಾರಾಯ್ರೇ.

ಭಟ್ಕಳ, ಕುಮಟಾದ ಶಾಲೆಗಳೂ ಕೇಳಲಿ. ಕರೆಂಟಿನ ಸಣ್ಣ ಭಟ್ಟಿಯೇ ಬರಲಿ. ಕೆಂಪುಮಣ್ಣಿನ ಪಾತ್ರೆಗೆ 900-1000 ಡಿಗ್ರಿ ಸಾಕು. ವೈರಿಂಗ್ ಆ ಲೋಡ್ ತಡೆಯುತ್ತಾ, ಮೊದಲು ನೋಡಿಸಿ. ಮಳೆಗಾಲದಲ್ಲಿ ಹಸಿ ಮಡಕೆ ಬೇಗ ಒಣಗಲ್ಲ, ಒಣಗದ್ದು ಭಟ್ಟಿಯೊಳಗೆ ಸಿಡಿಯುತ್ತೆ. ದಸರಾ ಕಳೆದ ಮೇಲೆ ಶುರುಮಾಡಿ. ತಿಗರಿ ಬಲ್ಲ ಗುನಗರನ್ನು ಸಂಬಳ ಕೊಟ್ಟು ಮೇಷ್ಟ್ರಾಗಿ ಕರೆಯಿರಿ. ಮಣ್ಣು ತುಳಿಯೋದು, ಭಟ್ಟಿ ತುಂಬೋದು, ಗುಡಿಸೋದು ಹಾಜರಿ ಪಟ್ಟಿಯ ಸರದಿಯಲ್ಲಿ ಎಲ್ಲ ಮಕ್ಕಳಿಗೂ ಬರಲಿ.

ಮಡಕೆ ನಮಗೆ ಬರೀ ಕರಕುಶಲ ಅಲ್ಲ. ಪೇಶ್ವೆಗಳ ಪುಣೆಯಲ್ಲಿ ನಮ್ಮವರ ಉಗುಳು ನೆಲಕ್ಕೆ ಬೀಳಬಾರದೆಂದು ಕೊರಳಿಗೆ ಮಡಕೆ ಕಟ್ಟಿಸಿದ್ದನ್ನು ಬಾಬಾಸಾಹೇಬರು 1936ರಲ್ಲೇ ಬರೆದಿದ್ದಾರೆ. ಈಗ ನಮ್ಮ ಮಕ್ಕಳು ಮಾಡಿದ ಲೋಟದಲ್ಲಿ ಹೆಡ್ಮಾಸ್ಟ್ರು, ಎಸ್‌ಡಿಎಂಸಿಯವರು ಚಹಾ ಕುಡೀಲಿ. ಕುಡಿಯಲ್ಲ ಅನ್ನೋದಾದರೆ ಭಟ್ಟಿ ತರೋದೇ ಬೇಡ.