ಯಾರು ಬಿಟ್ಟರು ಅನ್ನುವುದಷ್ಟೇ ಸುದ್ದಿಯೇ?

ನಮ್ಮ ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಹನ್ನೊಂದರ ನಂತರ ಮಾತಿಗೆ ಸಿಗುವುದು ಎರಡೇ ವಿಷಯ. ಒಂದು ಪ್ಲೇಸ್‌ಮೆಂಟ್, ಇನ್ನೊಂದು ಗೇಮ್. 2025ರ ಜನವರಿಯಲ್ಲಿ ಒಂದು ರಾತ್ರಿ ಎರಡೂ ಸೇರಿಕೊಂಡವು. 'ಮಗಾ, ಡ್ರ್ಯಾಗನ್ ಏಜ್ ಡೈರೆಕ್ಟರ್ ಕೆಲ್ಸ ಬಿಟ್ರಂತೆ. ಕಂಪನಿ ಬಾಗಿಲು ಹಾಕೋದು ಗ್ಯಾರಂಟಿ' ಎಂದ ರೂಮ್‌ಮೇಟ್. ನಾನೂ ಬಿಡಲಿಲ್ಲ. ಹಿಂದೆ ಯಾರ್‍ಯಾರು ಬಿಟ್ಟಿದ್ದರು, ಯಾವ ತಿಂಗಳು ಬಿಟ್ಟಿದ್ದರು ಎಂದು ಬೆರಳು ಮಡಚಿ ಲೆಕ್ಕ ಹೇಳಿದೆ. ಜಾತಕ ನೋಡುವವರು ಗ್ರಹ ಎಣಿಸುವಂತೆ.

ಗೇಮ್ ಆಡದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಕೆನಡಾದ ಎಡ್ಮಂಟನ್‌ನಲ್ಲಿ ಬಯೋವೇರ್ ಎಂಬ ಸ್ಟುಡಿಯೋ ಇದೆ. ಅದರ ಮಾಲೀಕತ್ವ ಇಎ ಎಂಬ ದೊಡ್ಡ ಕಂಪನಿಯದು. ಬಯೋವೇರ್ 2014ರಲ್ಲಿ ಬಿಡುಗಡೆ ಮಾಡಿದ 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್' ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಅತ್ಯುತ್ತಮ ಗೇಮ್ ಎನಿಸಿಕೊಂಡಿತು. ಆಫರ್ ಬಂದಾಗ ಕಡಿಮೆ ದುಡ್ಡಿಗೆ ಕೊಂಡು, ಫ್ಯಾನ್ ಹೆಲಿಕಾಪ್ಟರ್‌ನಂತೆ ಸದ್ದು ಮಾಡುವ ಹಳೇ ಲ್ಯಾಪ್‌ಟಾಪ್‌ನಲ್ಲಿ ನಾನು ಆಡಿದ್ದು ಅದನ್ನೇ. ಅದರ ಮುಂದಿನ ಭಾಗ ಬರಲು ಹತ್ತು ವರ್ಷ ಬೇಕಾಯಿತು. 2024ರ ಅಕ್ಟೋಬರ್ 31ರಂದು 'ದಿ ವೇಲ್‌ಗಾರ್ಡ್' ಹೆಸರಿನಲ್ಲಿ ಬಂತು. ಆ ಹತ್ತು ವರ್ಷ ಅಭಿಮಾನಿಗಳ ಕೈಗೆ ಸಿಗುತ್ತಿದ್ದ ಸುದ್ದಿ ಬಹುತೇಕ ಒಂದೇ ಬಗೆಯದು: ಇಂಥವರು ಬಿಟ್ಟರು, ಅಂಥವರೂ ಬಿಟ್ಟರು.

2017ರ ಅಕ್ಟೋಬರ್‌ನಲ್ಲಿ ಸರಣಿಯ ಸೃಜನಶೀಲ ನಿರ್ದೇಶಕ ಮೈಕ್ ಲೇಡ್‌ಲಾ ಹೊರಟರು. 2020ರ ಡಿಸೆಂಬರ್‌ನಲ್ಲಿ ಸ್ಟುಡಿಯೋ ಮುಖ್ಯಸ್ಥ ಕೇಸಿ ಹಡ್ಸನ್ ಮತ್ತು ಡ್ರ್ಯಾಗನ್ ಏಜ್‌ನ ಹೊಣೆ ಹೊತ್ತಿದ್ದ ಮಾರ್ಕ್ ಡಾರಾ ಒಂದೇ ದಿನ ಹೊರನಡೆದರು. 2021ರ ನವೆಂಬರ್‌ನಲ್ಲಿ ಮ್ಯಾಟ್ ಗೋಲ್ಡ್‌ಮನ್, 2022ರ ಫೆಬ್ರುವರಿಯಲ್ಲಿ ಕ್ರಿಶ್ಚಿಯನ್ ಡೇಲಿ. ಪ್ರತಿ ಹೆಸರಿನ ಜೊತೆಗೂ ನಮ್ಮಂಥವರು ಒಂದೊಂದು ಕಥೆ ಕಟ್ಟಿದೆವು. ಮೇಲಿನವರ ಜೊತೆ ಜಗಳವಂತೆ, ಗೇಮ್ ಹಳ್ಳ ಹಿಡಿದಿದೆಯಂತೆ, ಮುಳುಗುವ ಹಡಗಿನಿಂದ ಮೊದಲೇ ಹಾರಿದರಂತೆ. ಎಲ್ಲದರ ಕೊನೆಯಲ್ಲೂ ಒಂದು 'ಅಂತೆ'.

ಈ 'ಅಂತೆ'ಗಳೆಲ್ಲ ಶುದ್ಧ ಸುಳ್ಳು ಎಂದು ಬರೆದುಬಿಟ್ಟರೆ ಲೇಖನ ಸುಲಭವಾಗುತ್ತಿತ್ತು. ಆದರೆ ಹಾಗೆ ಹೇಳಲು ಆಗುವುದಿಲ್ಲ. ಲೇಡ್‌ಲಾ ಹೊರಟ ತಿಂಗಳಲ್ಲಿ ಒಳಗೆ ನಿಜಕ್ಕೂ ದೊಡ್ಡದೊಂದು ನಡೆದಿತ್ತು. 'ಜಾಪ್ಲಿನ್' ಎಂಬ ಗುಪ್ತನಾಮದಲ್ಲಿ ತಯಾರಾಗುತ್ತಿದ್ದ ಡ್ರ್ಯಾಗನ್ ಏಜ್‌ನ ಮೊದಲ ರೂಪವನ್ನು ರದ್ದು ಮಾಡಿ, ತಂಡದ ಹೆಚ್ಚಿನವರನ್ನು 'ಆಂಥೆಮ್' ಎಂಬ ಬೇರೆ ಗೇಮ್‌ಗೆ ಕಳಿಸಿದ್ದರು. ಉಳಿದ ಸಣ್ಣ ತಂಡ ಡ್ರ್ಯಾಗನ್ ಏಜ್ ಅನ್ನು ಮೊದಲಿನಿಂದ ಶುರು ಮಾಡಿತು. ಈ ಬಾರಿ, ಆನ್‌ಲೈನ್‌ನಲ್ಲಿ ವರ್ಷಗಟ್ಟಲೆ ದುಡ್ಡು ತರುತ್ತಲೇ ಇರುವ ಮಾದರಿಯ ಗೇಮ್ ಆಗಿ. ಇದು ಹೊರಜಗತ್ತಿಗೆ ತಿಳಿದದ್ದು ಒಂದೂವರೆ ವರ್ಷದ ನಂತರ, 2019ರ ಏಪ್ರಿಲ್‌ನಲ್ಲಿ, ಪತ್ರಕರ್ತ ಜೇಸನ್ ಶ್ರಯರ್ ಕೊಟಾಕುನಲ್ಲಿ ಬರೆದಾಗ. ಅಲ್ಲಿಯವರೆಗೆ ನಮ್ಮ ಬಳಿ ಇದ್ದದ್ದು ಒಬ್ಬರ ರಾಜೀನಾಮೆ ಮಾತ್ರ. ಹೊಗೆ ಕಂಡಿತ್ತು ನಿಜ. ಉರಿಯುತ್ತಿರುವುದು ಅಡುಗೆಮನೆಯೋ ಹಿತ್ತಲಿನ ಕಸವೋ ಯಾರಿಗೂ ಗೊತ್ತಿರಲಿಲ್ಲ.

ಅದೇ ರೀತಿಯ ಹೊಗೆ 2020ರ ಡಿಸೆಂಬರ್‌ನಲ್ಲೂ ಎದ್ದಿತು. ಇಬ್ಬರು ದೊಡ್ಡವರು ಒಂದೇ ದಿನ ಬಿಟ್ಟಿದ್ದರಿಂದ ಗೇಮ್ ಸತ್ತಿತು ಎಂದೇ ಬಹಳ ಮಂದಿ ತೀರ್ಪು ಕೊಟ್ಟರು. ಸುಮಾರು ಒಂದು ವಾರ ಕಳೆದ ಮೇಲೆ ಗೇಮ್ ಅವಾರ್ಡ್ಸ್‌ನಲ್ಲಿ ಅದರ ಹೊಸ ಟ್ರೇಲರ್ ಬಂತು. 2021ರ ಫೆಬ್ರುವರಿಯಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿದ್ದು ಇನ್ನೂ ಬೇರೆ: ಆಂಥೆಮ್ ನೆಲಕಚ್ಚಿದ್ದನ್ನೂ, ಒಬ್ಬರೇ ಆಡುವ ಒಂದು ಸ್ಟಾರ್ ವಾರ್ಸ್ ಗೇಮ್ ಚೆನ್ನಾಗಿ ಓಡಿದ್ದನ್ನೂ ಕಂಡ ಇಎ, ಡ್ರ್ಯಾಗನ್ ಏಜ್‌ನಿಂದ ಮಲ್ಟಿಪ್ಲೇಯರ್ ಭಾಗವನ್ನು ಪೂರ್ತಿ ತೆಗೆಯಲು ಒಪ್ಪಿದೆ ಎಂದು. ಅಂದರೆ ಅಭಿಮಾನಿಗಳು ವರ್ಷಗಳಿಂದ ಬೇಡುತ್ತಿದ್ದ ಬದಲಾವಣೆಯೇ ಆಗಿತ್ತು. ತಿಥಿಯೂಟಕ್ಕೆ ಎಲೆ ಹಾಕಿ ಕೂತಿದ್ದವರಿಗೆ ಅದು ಕಾಣಲಿಲ್ಲ. ಇನ್ನೂ ತಮಾಷೆಯೆಂದರೆ, ಹಡಗಿನಿಂದ ಹಾರಿದರು ಎಂದು ನಾವು ಹೇಳಿದ್ದ ಆ ಡಾರಾ 2023ರಲ್ಲಿ ಅದೇ ಗೇಮ್‌ಗೆ ಸಲಹೆಗಾರರಾಗಿ ಮರಳಿ ಬಂದರು.

ಅದಕ್ಕೇ ನನ್ನ ವಾದ ಇಷ್ಟು. ಒಬ್ಬರು ಕೆಲಸ ಬಿಟ್ಟರು ಎಂಬ ಸುದ್ದಿ ನಮಗೆ ಒಂದು ತಾರೀಖನ್ನು ಕೊಡುತ್ತದೆ. ಕಾರಣವನ್ನು ಕೊಡುವುದಿಲ್ಲ. ಕಾರಣದ ಜಾಗ ಖಾಲಿ ಇರುವುದರಿಂದ ನಾವು ನಮಗೆ ಬೇಕಾದ್ದನ್ನು ತುಂಬಿಕೊಳ್ಳುತ್ತೇವೆ.

ಲೆಕ್ಕವನ್ನೇ ಹಾಕಿ ನೋಡಿ. ಉದಾಹರಣೆಗೆ 300 ಜನರ ಸ್ಟುಡಿಯೋ ಎಂದುಕೊಳ್ಳೋಣ. ವರ್ಷಕ್ಕೆ ನೂರರಲ್ಲಿ ಹತ್ತು ಮಂದಿ ಬಿಡುತ್ತಾರೆ ಎಂದಿಟ್ಟುಕೊಂಡರೆ ವರ್ಷಕ್ಕೆ 30, ಗೇಮ್ ಮುಗಿಯಲು ಆರು ವರ್ಷ ಹಿಡಿದರೆ 180 ಮಂದಿ. ಮದುವೆ, ಮಗು, ಬೇರೆ ಊರು, ಜಾಸ್ತಿ ಸಂಬಳ, ಅಪ್ಪ ಅಮ್ಮನ ಕಾಯಿಲೆ, ಒಂದೇ ಕಥೆಯ ಮೇಲೆ ಹತ್ತು ವರ್ಷ ಕೂತ ಬೇಸರ, ಏನು ಬೇಕಾದರೂ ಇರಬಹುದು. ಗೇಮ್ ಗೆದ್ದರೆ ಆ 180 ಹೆಸರು ಯಾರಿಗೂ ನೆನಪಿರುವುದಿಲ್ಲ. ಸೋತರೆ ಅದರಲ್ಲಿ ಐದನ್ನು ಹೆಕ್ಕಿ ತೆಗೆದು 'ನೋಡಿ, ಆಗಲೇ ಸೂಚನೆ ಇತ್ತು' ಎನ್ನುತ್ತೇವೆ. ಪ್ರಾಬಬಿಲಿಟಿ ಪೇಪರ್‌ನಲ್ಲಿ ಇದೇ ತಪ್ಪು ಮಾಡಿದರೆ ಮೇಷ್ಟ್ರು ಸೊನ್ನೆ ಕೊಡುತ್ತಾರೆ.

ಹೆಸರುಗಳ ಹಿಂದೆ ಬೀಳುವುದರಿಂದ ಆಗುವ ದೊಡ್ಡ ನಷ್ಟ ಬೇರೆಯೇ ಇದೆ. ಆಂಥೆಮ್ ಯಾಕೆ ಸೋತಿತು ಎಂದು ತಿಳಿಯಲು ಶ್ರಯರ್ 19 ಮಂದಿಯ ಜೊತೆ ಮಾತಾಡಿದ್ದರು. ಅವರು ಬಿಚ್ಚಿಟ್ಟ ಕಥೆಯಲ್ಲಿ ಖಳನಾಯಕ ಒಬ್ಬನಿಲ್ಲ. ಸುಮಾರು ಏಳು ವರ್ಷದ ಯೋಜನೆ, ಅದರಲ್ಲಿ ಬಹುಪಾಲು ನಿಜವಾದ ಕೆಲಸ ನಡೆದದ್ದು ಕೊನೆಯ ಒಂದೂವರೆ ವರ್ಷದೊಳಗೆ. ಮುಖ್ಯ ಪ್ರಶ್ನೆಗಳ ಮೇಲೆ ಯಾರೂ ತೀರ್ಮಾನ ಕೊಡುತ್ತಿರಲಿಲ್ಲ. ಫ್ರಾಸ್ಟ್‌ಬೈಟ್ ಎಂಬ ಎಂಜಿನ್ ಜೊತೆ ದಿನವೂ ಗುದ್ದಾಟ. ಒತ್ತಡ ತಾಳಲಾರದೆ ವೈದ್ಯರ ಸಲಹೆಯ ಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ರಜೆ ಹಾಕಿದವರು. ಇವೆಲ್ಲದರ ಮೇಲೆ 'ಬಯೋವೇರ್ ಮ್ಯಾಜಿಕ್' ಎಂಬ ನಂಬಿಕೆ. ಎಷ್ಟೇ ಗೋಜಲಾಗಿದ್ದರೂ ಕೊನೆಯ ಕೆಲವು ತಿಂಗಳಲ್ಲಿ ಎಲ್ಲ ತಾನಾಗಿ ಕೂಡಿಕೊಳ್ಳುತ್ತದೆ ಎಂಬ ಧೈರ್ಯ. ಇನ್‌ಕ್ವಿಸಿಷನ್ ಹಾಗೇ ಕೂಡಿಕೊಂಡಿತ್ತು, ಪ್ರಶಸ್ತಿಯೂ ಬಂತು. ಅದು ಸೋತಿದ್ದರೇ ಒಳ್ಳೆಯದಿತ್ತು, ಗೇಮ್ ಮಾಡುವ ರೀತಿ ಇದಲ್ಲ ಎಂದಾದರೂ ಗೊತ್ತಾಗುತ್ತಿತ್ತು ಎಂಬ ಅರ್ಥದ ಮಾತು ಒಳಗಿನವರಿಂದಲೇ ಆ ವರದಿಯಲ್ಲಿ ಬಂದಿದೆ. ಡಾರಾ ಕೂಡ ಕೆಲಸ ಬಿಟ್ಟ ಮೇಲೆ ಈ ಮ್ಯಾಜಿಕ್‌ನ ಮಾತನ್ನು ಕಟುವಾಗಿ ಟೀಕಿಸಿದ್ದಾರೆ.

ಲ್ಯಾಬ್ ರೆಕಾರ್ಡ್ ಅನ್ನು ಸಬ್‌ಮಿಷನ್ ಹಿಂದಿನ ರಾತ್ರಿ ಬರೆಯುವ ನಮಗೆ ಈ ಮ್ಯಾಜಿಕ್ ಹೊಸದೇನಲ್ಲ.

ಕನ್ನಡದಲ್ಲಿ ಕೆಲಸ ಬಿಡುವುದು ಬೇರೆ, ಕೆಲಸದಿಂದ ಬಿಡಿಸುವುದು ಬೇರೆ. ಕಂಪನಿಗಳ ಹೇಳಿಕೆಯ ಭಾಷೆಯಲ್ಲಿ ಎರಡೂ ಒಂದೇ ತರಹ ಕೇಳಿಸುತ್ತವೆ. ಊಹೆ ಮಾಡುವ ನಾವೂ ಎರಡನ್ನೂ ಒಂದೇ ಪಟ್ಟಿಗೆ ಹಾಕುತ್ತೇವೆ. 2023ರ ಆಗಸ್ಟ್‌ನಲ್ಲಿ ಬಯೋವೇರ್ ಸುಮಾರು 50 ಹುದ್ದೆಗಳನ್ನು ತೆಗೆದುಹಾಕಿತು. ಅಭಿಮಾನಿಗಳು ಮನೆಯವನಂತೆ ಕಾಣುವ ವ್ಯಾರಿಕ್ ಎಂಬ ಪಾತ್ರವನ್ನು ಬರೆದ ಮೇರಿ ಕರ್ಬಿಯೂ ಅದರಲ್ಲಿದ್ದರು. ಪರಿಹಾರ ಸಾಲದೆಂದು ಏಳು ಮಂದಿ ನ್ಯಾಯಾಲಯಕ್ಕೆ ಹೋದರು. ಆ ದಿನ ನಮ್ಮಲ್ಲಿ ಎದ್ದ ಪ್ರಶ್ನೆ ಮಾತ್ರ 'ಗೇಮ್ ಲೇಟ್ ಆಗುತ್ತಾ?' ಎಂಬುದು. ಕೆಲಸ ಹುಡುಕಲು ಹೊರಟಿರುವ ನಾವು ಕೇಳಬೇಕಿದ್ದ ಪ್ರಶ್ನೆ ಅದಾಗಿರಲಿಲ್ಲ ಎಂದು ಈಗ ಅನಿಸುತ್ತದೆ.

ಮತ್ತೆ 2025ರ ಜನವರಿಗೆ ಬರೋಣ. ವೇಲ್‌ಗಾರ್ಡ್‌ನ ನಿರ್ದೇಶಕಿ ಕೊರಿನ್ ಬೂಶ್ ಹೊರಡುತ್ತಾರೆ ಎಂಬ ಗಾಳಿಮಾತು ನಿಜವೇ ಆಯಿತು. ಅದರ ಬಾಲಕ್ಕೆ ಅಂಟಿಕೊಂಡಿದ್ದ 'ಎಡ್ಮಂಟನ್ ಸ್ಟುಡಿಯೋ ಮುಚ್ಚುತ್ತದೆ' ಎಂಬುದು ನಿಜವಾಗಲಿಲ್ಲ. ತಾನಾಗಿಯೇ ಬಿಟ್ಟೆ, ಬೇರೆ ಅವಕಾಶ ಸಿಕ್ಕಿದೆ ಎಂದು ಅವರೇ ಹೇಳಿದರು. ಅಷ್ಟರಲ್ಲಿ ಅವರನ್ನು ಒದ್ದು ಓಡಿಸಿದರು ಎಂದು ಸಂಭ್ರಮಿಸಿದವರು, ವೈಯಕ್ತಿಕವಾಗಿ ನಿಂದಿಸಿದವರು ಬೇಕಾದಷ್ಟು. ಅದಾದ ಕೆಲವೇ ದಿನಕ್ಕೆ, ಆ ತ್ರೈಮಾಸಿಕದಲ್ಲಿ ಗೇಮ್ ತಲುಪಿದ್ದು 15 ಲಕ್ಷ ಆಟಗಾರರನ್ನು, ನಿರೀಕ್ಷೆಗಿಂತ ಹತ್ತಿರಹತ್ತಿರ ಅರ್ಧದಷ್ಟು ಕಡಿಮೆ ಎಂದು ಇಎ ಹೇಳಿತು. ತಿಂಗಳ ಕೊನೆಗೆ ಸ್ಟುಡಿಯೋದ ಬಹಳಷ್ಟು ಮಂದಿಯನ್ನು ಬೇರೆಡೆ ಕಳಿಸಿದರು, ಕೆಲವರನ್ನು ತೆಗೆದರು. ಉಳಿದವರು ನೂರಕ್ಕಿಂತ ಕಡಿಮೆ ಎಂದು ಬ್ಲೂಮ್‌ಬರ್ಗ್ ಬರೆಯಿತು. ನನ್ನ ರೂಮ್‌ಮೇಟ್ 'ನಾ ಹೇಳ್ಲಿಲ್ವಾ?' ಎಂದ. ಅವನು ಹೇಳಿದ್ದು ಬಾಗಿಲು ಮುಚ್ಚುತ್ತದೆ ಎಂದು, ಆಗಿದ್ದು ಇದು. ಆದರೂ ಗೆದ್ದೆ ಎಂಬ ಖುಷಿ ಅವನಿಗೆ. ನನಗೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಖುಷಿ ಇಳಿದದ್ದು ನಮ್ಮದೇ ಮಿನಿ ಪ್ರಾಜೆಕ್ಟ್‌ನಲ್ಲಿ. ನಾಲ್ವರ ತಂಡ. ಡೆಮೊಗೆ ಮೂರು ವಾರ ಇರುವಾಗ ಒಬ್ಬ ಗೆಳೆಯ ಬಿಟ್ಟು ಬೇರೆ ತಂಡ ಸೇರಿದ. ಇಡೀ ಕ್ಲಾಸ್‌ನಲ್ಲಿ ಕಥೆಗಳು ಹಬ್ಬಿದವು. ದುಡ್ಡಿನ ವಿಷಯಕ್ಕೆ ಜಗಳವಂತೆ, ಆ ತಂಡದಲ್ಲಿ ಟಾಪರ್ ಇದ್ದಾನೆ ಅಂತ ಹೋದನಂತೆ. ನಮ್ಮ ಡೆಮೊ ಅರ್ಧಕ್ಕೆ ನಿಂತಿತು. ಗೈಡ್ ಕೇಳಿದಾಗ, 'ಸರ್, ಅವನು ಬಿಟ್ಟು ಹೋದ, ಅದಕ್ಕೇ ಆಗ್ಲಿಲ್ಲ' ಎಂದವನು ನಾನೇ. ಅವರು ತಲೆಯಾಡಿಸಿದರು. ಎಷ್ಟು ಸಲೀಸಾಗಿ ನಂಬಿದರು ಎಂದರೆ ನನಗೇ ನಾಚಿಕೆಯಾಯಿತು.

ನಡೆದದ್ದು ಬೇರೆ. ಒಂದೇ ಸೆಮಿಸ್ಟರ್‌ನಲ್ಲಿ ನಾವು ಎರಡು ಸಲ ಟಾಪಿಕ್ ಬದಲಿಸಿದ್ದೆವು. ಎರಡು ಸಲವೂ ಬೇಡವೆಂದವನು ಅವನೊಬ್ಬನೇ. ಎರಡನೇ ಸಲ ಅವನು ಅಲ್ಲಿಯವರೆಗೆ ಬರೆದಿದ್ದ ಕೋಡ್ ಪೂರ್ತಿ ವ್ಯರ್ಥವಾಯಿತು. 'ಕೊನೇ ವಾರ ಕೂತ್ರೆ ಆಗುತ್ತೆ ಬಿಡೋ' ಎಂದು ನಾವು ಮೂವರೂ ನಕ್ಕಿದ್ದೆವು. ಅವನು ಜಗಳವಾಡಲಿಲ್ಲ, ಎದ್ದು ಹೋದ. ಹೋದ ದಿನ ಎಲ್ಲರಿಗೂ ನೆನಪಿದೆ. ಟಾಪಿಕ್ ಬದಲಿಸಿದ ದಿನಗಳನ್ನು ಕ್ಲಾಸ್‌ನಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಹೋದ ವಾರ ಮೆಸ್‌ನಲ್ಲಿ ಅವನ ಎದುರು ಕೂತು ಇದನ್ನೆಲ್ಲ ಹೇಳಿದೆ. ಗೈಡ್ ಹತ್ತಿರ ಹೇಳಿದ ಸುಳ್ಳನ್ನೂ ಸೇರಿಸಿ. 'ಗೊತ್ತು ಬಿಡೋ' ಎಂದು ಚಿತ್ರಾನ್ನ ಕಲಸುತ್ತ ಕೂತ. ಮುಂದಿನ ವರ್ಷದ ಮೇಜರ್ ಪ್ರಾಜೆಕ್ಟ್‌ಗೆ ಮತ್ತೆ ಜೊತೆಗೆ ಬರುತ್ತೀಯಾ ಎಂದು ಕೇಳಿದೆ. 'ಟಾಪಿಕ್ ಯಾವತ್ತು ಫೈನಲ್ ಮಾಡ್ತೀರಾ, ಡೇಟ್ ಹೇಳು, ಆಮೇಲೆ ನೋಡೋಣ' ಎಂದ.

ನಾವು ಮೂವರೂ ಇನ್ನೂ ಡೇಟ್ ಹೇಳಿಲ್ಲ.