ರಜೆಯ ಅವಧಿಯಲ್ಲಿ ಮಾಯವಾಗುವ ಹುದ್ದೆ

ನಮ್ಮ ಬಡಾವಣೆಯ ಹಿರಿಯ ಮಿತ್ರರೊಬ್ಬರು ಈಚೆಗೆ ಒಂದು ಪತ್ರ ಹಿಡಿದು ಮನೆಗೆ ಬಂದಿದ್ದರು. ಅವರ ಸೊಸೆ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷ ದುಡಿದವರು. ಹೆರಿಗೆ ರಜೆಯಲ್ಲಿದ್ದು, ಮಗುವಿಗೆ ಮೂರು ತಿಂಗಳು ತುಂಬಿದ ವಾರದಲ್ಲೇ ಆ ಪತ್ರ ಬಂದಿತ್ತು. ಸಂಸ್ಥೆಯ ಪುನರ್‌ರಚನೆಯಲ್ಲಿ ಅವರ ಹುದ್ದೆ ಉಳಿದಿಲ್ಲವಂತೆ; ತಾವಾಗಿಯೇ ರಾಜೀನಾಮೆ ಕೊಟ್ಟರೆ ಎರಡು ತಿಂಗಳ ವೇತನ ಮತ್ತು ಒಳ್ಳೆಯ ಅನುಭವ ಪತ್ರ ದೊರೆಯುತ್ತದಂತೆ. ‘ಸರ್ಕಾರದಲ್ಲಿ ಇದ್ದವರು ನೀವು. ಇದು ನ್ಯಾಯವೇ ಹೇಳಿ ಸ್ವಾಮಿ’ ಎಂದರು ಮಿತ್ರರು.

ಕಾನೂನು ಏನು ಹೇಳುತ್ತದೆ ಎಂಬುದು ಸ್ಪಷ್ಟವಾಗಿಯೇ ಇದೆ. ಹೆರಿಗೆ ರಜೆಯಲ್ಲಿರುವ ಮಹಿಳೆಯನ್ನು ಆ ಅವಧಿಯಲ್ಲಾಗಲಿ, ಆ ಗೈರುಹಾಜರಿಯ ಕಾರಣಕ್ಕಾಗಲಿ ಕೆಲಸದಿಂದ ತೆಗೆಯುವಂತಿಲ್ಲ. ನೋಟಿಸಿನ ಗಡುವು ರಜೆಯೊಳಗೆ ಮುಗಿಯುವಂತೆ ದಿನ ಗೊತ್ತುಮಾಡುವಂತಿಲ್ಲ. ಸೇವಾ ಷರತ್ತುಗಳನ್ನು ಅವರಿಗೆ ಪ್ರತಿಕೂಲವಾಗಿ ಬದಲಿಸುವಂತೆಯೂ ಇಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಈ ರಕ್ಷಣೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ಣವಾಗಿ ಸಲ್ಲಬೇಕೆಂದು 2023ರಲ್ಲಿ ತೀರ್ಪಿತ್ತಿದೆ.

ಹಾಗಿದ್ದರೆ ಕೊರತೆ ಎಲ್ಲಿದೆ? ‘ನಿಮ್ಮನ್ನು ತೆಗೆದಿಲ್ಲ, ಹುದ್ದೆಯನ್ನು ತೆಗೆದಿದ್ದೇವೆ’ ಎಂಬ ಮಾತಿನಲ್ಲಿದೆ. ರಜೆಗೂ ಹುದ್ದೆ ರದ್ದಿಗೂ ಸಂಬಂಧವಿಲ್ಲವೆಂದು ಸಂಸ್ಥೆ ಹೇಳಿದಾಗ, ಸಂಬಂಧವಿದೆ ಎಂದು ತೋರಿಸುವ ಹೊರೆ ವಾಸ್ತವದಲ್ಲಿ ಬಾಣಂತಿಯ ತಲೆಯ ಮೇಲೆ ಬೀಳುತ್ತದೆ. ಕಡತ, ಸಭೆಯ ನಡಾವಳಿಗಳೆಲ್ಲ ಇರುವುದು ಸಂಸ್ಥೆಯ ಕೈಯಲ್ಲಿ. ಇನ್ನು ರಾಜೀನಾಮೆ ಪತ್ರಕ್ಕೆ ಸಹಿ ಬಿದ್ದರಂತೂ ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ವಜಾ ಎಂಬುದೇ ನಡೆದಿರುವುದಿಲ್ಲ. ಸಾಮಾನ್ಯ ಉದ್ಯೋಗ ಕಡಿತದ ನಿಯಮಗಳಾದ ಒಂದು ತಿಂಗಳ ನೋಟಿಸು, ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನ, ಕೊನೆಗೆ ಸೇರಿದವರು ಮೊದಲು ಹೊರಗೆ ಎಂಬ ತತ್ವ, ಇವೆಲ್ಲ ಅನ್ವಯಿಸುವುದು ಕಾನೂನಿನ ಅರ್ಥದಲ್ಲಿ ‘ಕಾರ್ಮಿಕ’ರಾದವರಿಗೆ ಮಾತ್ರ. ವ್ಯವಸ್ಥಾಪಕರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಈ ವ್ಯಾಖ್ಯೆಯ ಹೊರಗಿದ್ದಾರೆ. ಸರ್ಕಾರದ ಪೂರ್ವಾನುಮತಿ ಪಡೆದೇ ಕಡಿತ ಮಾಡಬೇಕೆಂಬ ಕಟ್ಟಳೆಯೂ ಕಾರ್ಖಾನೆ, ಗಣಿ, ತೋಟಗಳಿಗೆ ಸೀಮಿತ. ಅದರ ಮಿತಿಯನ್ನೂ ಹೊಸ ಸಂಹಿತೆ 100 ಕಾರ್ಮಿಕರಿಂದ 300ಕ್ಕೆ ಏರಿಸಿದೆ.

ಹುದ್ದೆ ರದ್ದತಿಯ ಪಟ್ಟಿಗಳನ್ನು ಸೇವೆಯಲ್ಲಿದ್ದಾಗ ನಾನೂ ತಯಾರಿಸಿದ್ದೇನೆ. ಆ ಕೆಲಸದ ಒಂದು ಗುಟ್ಟನ್ನು ಒಪ್ಪಿಕೊಳ್ಳಬೇಕು: ಎದುರಿಗೆ ಕುಳಿತವರ ಹುದ್ದೆಯನ್ನು ಅಳಿಸುವುದು ಕಷ್ಟ, ಖಾಲಿ ಕುರ್ಚಿಯದು ಸುಲಭ. ಸರ್ಕಾರಿ ಕಚೇರಿಯಲ್ಲಿ ರಜೆ ಹೋದವರ ಹುದ್ದೆಗೆ ಇನ್ನೊಬ್ಬರು ಪ್ರಭಾರದಲ್ಲಿರುತ್ತಾರೆ. ನಿಯಮಗಳು ಆ ಖಾಲಿ ಕುರ್ಚಿಯನ್ನು ಕಾಯುತ್ತವೆ. ಖಾಸಗಿ ಸಂಸ್ಥೆಯಲ್ಲಿ ಅದನ್ನು ಕಾಯುವವರು ಯಾರು?

ಉದ್ಯೋಗದಾತರ ಕಷ್ಟವನ್ನು ಅಲ್ಲಗಳೆಯುತ್ತಿಲ್ಲ. ವ್ಯಾಪಾರ ಕುಸಿದಾಗ ಹುದ್ದೆಗಳು ನಿಜವಾಗಿಯೂ ಇಲ್ಲವಾಗುತ್ತವೆ. 2017ರಲ್ಲಿ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದ್ದು ಸ್ವಾಗತಾರ್ಹವೇ. ಆದರೆ ಇಎಸ್‌ಐ ವ್ಯಾಪ್ತಿಯ ಹೊರಗಿನವರ ಪೂರ್ತಿ ವೇತನವನ್ನು ಸಂಸ್ಥೆಯೊಂದೇ ಭರಿಸಬೇಕಾಯಿತು. ಸಮಾಜಕ್ಕೆ ಸಲ್ಲುವ ಒಳಿತಿನ ವೆಚ್ಚವನ್ನು ಒಬ್ಬರ ಮೇಲೆಯೇ ಹೇರಿದರೆ ಅವರು ಆ ವೆಚ್ಚದಿಂದ ನುಣುಚಿಕೊಳ್ಳುವ ದಾರಿ ಹುಡುಕುತ್ತಾರೆ. ಇದು ಅರ್ಥಶಾಸ್ತ್ರದ ಮೊದಲ ಪಾಠ.

ಪರಿಹಾರಗಳು ಅಪರಿಚಿತವೇನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ ಹೆರಿಗೆ ರಕ್ಷಣಾ ಒಡಂಬಡಿಕೆಯ ಪ್ರಕಾರ, ವಜಾಕ್ಕೂ ಹೆರಿಗೆಗೂ ಸಂಬಂಧವಿಲ್ಲವೆಂದು ಸಾಬೀತುಪಡಿಸುವ ಹೊಣೆ ಉದ್ಯೋಗದಾತರದು. ಭಾರತ ಇದನ್ನು ಅನುಮೋದಿಸಿಲ್ಲ. ಬ್ರಿಟನ್ನಿನಲ್ಲಿ ಹೆರಿಗೆ ರಜೆಯಲ್ಲಿರುವವರ ಹುದ್ದೆ ರದ್ದಾದರೆ, ಸಂಸ್ಥೆಯಲ್ಲಿ ಖಾಲಿಯಿರುವ ಸೂಕ್ತ ಹುದ್ದೆಯನ್ನು ಮೊದಲು ಅವರಿಗೇ ಕೊಡಬೇಕು. 2024ರ ಏಪ್ರಿಲ್‌ನಿಂದ ಈ ಆದ್ಯತೆ ಮಗುವಿಗೆ 18 ತಿಂಗಳು ತುಂಬುವವರೆಗೆ ವಿಸ್ತರಿಸಿದೆ. ಈ ಎರಡು ನಿಯಮಗಳನ್ನು ನಮ್ಮ ಸಂಹಿತೆಗೂ ಸೇರಿಸಿ, ಹೆರಿಗೆ ವೇತನವನ್ನು ಇಎಸ್‌ಐ ಮಾದರಿಯ ಸಾಮೂಹಿಕ ವಿಮೆಯಿಂದ ಭರಿಸಿದರೆ ತಾಯಿಗೂ ಸಂಸ್ಥೆಗೂ ನ್ಯಾಯ ದೊರೆತೀತು. ರಜೆಯಲ್ಲಿರುವವರಿಂದ ಪಡೆದ ರಾಜೀನಾಮೆಯು ಕಾರ್ಮಿಕ ಅಧಿಕಾರಿಯ ಮುಂದೆ ದೃಢಪಟ್ಟ ನಂತರವೇ ಊರ್ಜಿತವಾಗಬೇಕು.

ಸಹಿ ಹಾಕದೆ ಕಾರ್ಮಿಕ ಇಲಾಖೆಗೆ ದೂರು ಕೊಡಲಿ ಎಂದು ನಾನು ಮಿತ್ರರಿಗೆ ಹೇಳಿದೆ. ಅವರು ತಲೆತಗ್ಗಿಸಿದರು. ಸೊಸೆ ಹಿಂದಿನ ದಿನವೇ ಸಹಿ ಹಾಕಿದ್ದರು. ಮುಂದಿನ ಕೆಲಸಕ್ಕೆ ಆ ಅನುಭವ ಪತ್ರ ಬೇಕಿತ್ತು. ಕಾನೂನು ಅವರ ಪರವಾಗಿತ್ತು. ಆದರೆ ಸಹಿ ಹಾಕುವ ಹೊತ್ತಿಗೆ ಅದು ಅವರ ಪಕ್ಕದಲ್ಲಿರಲಿಲ್ಲ.