ಪ್ರಮಾದವೂ ಹಿಂಸೆಯೇ: ಪರಿಸರ ಶಿಕ್ಷಣ ಮತ್ತು ಶ್ರಾವಕಧರ್ಮ

ಅಹಿಂಸೆಯಲ್ಲಿಯೇ ಎಲ್ಲವೂ ಅಡಗಿರುವಾಗ ಜೈನ ಮಕ್ಕಳಿಗೆ ಪರಿಸರ ವಿಜ್ಞಾನವನ್ನು ಪ್ರತ್ಯೇಕವಾಗಿ ಬೋಧಿಸುವ ಅಗತ್ಯವೇನು ಎಂಬ ಮಾತು ಸಮಾಜದಲ್ಲಿ ಆಗಾಗ ಕೇಳಿಬರುತ್ತದೆ. ಕೇಳಲು ಹಿತವಾದ ಈ ಮಾತು ವಾಸ್ತವವಾಗಿ ಆಲಸ್ಯದ ಸಮರ್ಥನೆಯಾಗಿದೆ.

ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿಯೇ ನಿರ್ದೇಶಿಸಿತು. 2003ರಲ್ಲಿ ಪಠ್ಯಕ್ರಮ ರೂಪಿಸುವ ಹೊಣೆಯನ್ನು ಎನ್.ಸಿ.ಇ.ಆರ್.ಟಿ.ಗೆ ವಹಿಸಿತು. ಆದರೂ ಎಷ್ಟೋ ಖಾಸಗಿ ಶಾಲೆಗಳಲ್ಲಿ ಈ ವಿಷಯವು ಜೂನ್ 5ರ ಭಿತ್ತಿಪತ್ರ, ಒಂದು ಸಸಿ, ಒಂದು ಛಾಯಾಚಿತ್ರಗಳಿಗೆ ಮುಗಿದುಹೋಗುತ್ತದೆ. ಅಮೆಜಾನ್ ಅರಣ್ಯವನ್ನು ಬಲ್ಲ ವಿದ್ಯಾರ್ಥಿಯು ಕಾಗಿಣಾ ನದಿಯನ್ನು ಅರಿಯನು.

ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸಾಗಿದರೆ ಕಾಗಿಣಾ ತೀರದ ಮಳಖೇಡವು ಎದುರಾಗುತ್ತದೆ. ಅಮೋಘವರ್ಷ ನೃಪತುಂಗನು ಆಳಿದ, ಅಪಭ್ರಂಶದ ಮಹಾಕವಿ ಪುಷ್ಪದಂತನು ಕಾವ್ಯ ರಚಿಸಿದ ಮಾನ್ಯಖೇಟವಿದು. ನೇಮಿನಾಥ ಬಸದಿ ಇಂದಿಗೂ ಇಲ್ಲಿದೆ. ಇದೇ ಸೀಮೆಯ ಸುಣ್ಣಕಲ್ಲನ್ನು ಅಗೆದು ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ತಯಾರಿಸಲಾಗುತ್ತಿದೆ. 100 ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 56 ಕಿಲೋ ಸುಣ್ಣ ಉಳಿದು, 44 ಕಿಲೋ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನು ಸೇರುತ್ತದೆ. ಉರುವಲಿನ ಹೊಗೆ ಇದಕ್ಕೆ ಹೊರತು. ಈ ರಾಸಾಯನಿಕ ಸಮೀಕರಣವನ್ನು ಹತ್ತನೆಯ ತರಗತಿಯ ಮಕ್ಕಳು ಕಂಠಪಾಠ ಮಾಡುತ್ತಾರೆ. ಅದು ತಮ್ಮ ಊರಿನ ರಸ್ತೆಯ ಕಥೆಯೆಂದು ಅವರಿಗೆ ಹೇಳುವವರು ಯಾರು?

ಕಾರ್ಖಾನೆಯಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತದೆ, ಬಸದಿಗಳ ಜೀರ್ಣೋದ್ಧಾರಕ್ಕೂ ಸಿಮೆಂಟ್ ಬೇಕು ಎಂದು ಆಕ್ಷೇಪಿಸಬಹುದು. ಆಕ್ಷೇಪವು ಸರಿಯೇ. ಉದ್ಯೋಗದಿಂದಾಗುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಲಾರನೆಂದು ಶಾಸ್ತ್ರವೂ ಬಲ್ಲದು. ಆದರೆ ಅದೇ ಶಾಸ್ತ್ರವು ಆ ಹಿಂಸೆಯನ್ನು ಅರಿತು ಮಿತಗೊಳಿಸೆಂದು ವಿಧಿಸುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ನಿಷ್ಕಾರಣವಾಗಿ ನೆಲ ಅಗೆಯುವುದನ್ನು, ನೀರು ಚೆಲ್ಲುವುದನ್ನು, ಬೆಂಕಿ ಹೊತ್ತಿಸುವುದನ್ನು, ಸಸ್ಯ ಕಡಿಯುವುದನ್ನು ಅನರ್ಥದಂಡದಲ್ಲಿ ಎಣಿಸಿದ್ದಾರೆ. ಎಷ್ಟು ಅಗೆತ ಅಗತ್ಯ, ಎಷ್ಟು ನಿಷ್ಕಾರಣ ಎಂಬುದನ್ನು ಅಳೆಯದೆ ಈ ವ್ರತವನ್ನು ಪಾಲಿಸುವುದು ಹೇಗೆ? ಅಳೆಯುವ ವಿದ್ಯೆಯೇ ವಿಜ್ಞಾನ. ಅರಿಯದಿರುವುದು ನಿರ್ದೋಷವಲ್ಲ, ಅದು ಪ್ರಮಾದ.

ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಜಲಮೂಲಕ್ಕೆ ಮರಳಿಸುವುದು ಶ್ರಾವಕರ ಪರಂಪರೆ. ಕೊಳವೆಬಾವಿಯ ಕಾಲದಲ್ಲಿ ಸೋಸುವಿಕೆ ಉಳಿಯಿತು, ಮರಳಿಸುವಿಕೆ ಮರೆಯಾಯಿತು. ಅಪ್ಕಾಯದ ಹೆಸರನ್ನು ಪಾಠಶಾಲೆಯಲ್ಲಿ ಉಚ್ಚರಿಸುವ ಮಗುವಿಗೆ ತನ್ನ ಅಂತರ್ಜಲದ ಆಳ ತಿಳಿಯದು.

ಆದುದರಿಂದ ಬಸದಿಗಳ ಟ್ರಸ್ಟುಗಳು ಭಾಷಣ ಸ್ಪರ್ಧೆಗಳಿಗೆ ವೆಚ್ಚ ಮಾಡುವ ಹಣದಲ್ಲಿ ಸ್ವಲ್ಪವನ್ನು ಇತ್ತ ತಿರುಗಿಸಲಿ. ಪಾಠಶಾಲೆಯ ಮಕ್ಕಳು ತಿಂಗಳಿಗೊಮ್ಮೆ ಬಾವಿಯ ನೀರಿನ ಮಟ್ಟವನ್ನು ಅಳೆದು ಬಸದಿಯ ಫಲಕದಲ್ಲಿ ಬರೆಯಲಿ. ಮಳಖೇಡದ ದರ್ಶನಕ್ಕೆ ಕರೆದೊಯ್ದಾಗ ಬಸದಿಯನ್ನೂ ತೋರಿಸಲಿ, ನದಿಯನ್ನೂ ತೋರಿಸಲಿ, ಗಣಿಯನ್ನೂ ತೋರಿಸಲಿ. ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಮಣ್ಣಿನ ಪಾಠ ನಡೆಯಲಿ. ಬಸದಿಯ ಛಾವಣಿಯ ಮಳೆನೀರು ಚರಂಡಿಗೆ ಹರಿಯದೆ ನೆಲದೊಳಗೆ ಇಂಗಲಿ. ಜಲಕ್ಕೆ ಜಲವನ್ನು ಮರಳಿಸುವ ಹಳೆಯ ಆಚಾರಕ್ಕೆ ಇದುವೇ ಇಂದಿನ ರೂಪ.

ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳಲ್ಲಿ ಜೀವವಿದೆಯೆಂದು ಸಾರಿದ ಧರ್ಮದ ಮಕ್ಕಳು ಆ ಜೀವಗಳ ಸ್ಥಿತಿಯನ್ನು ಅರಿಯದೆ ಬೆಳೆದರೆ, ಆ ಲೋಪದ ಹೊಣೆಯನ್ನು ಮಕ್ಕಳ ಮೇಲಲ್ಲ, ಹಿರಿಯರ ಮೇಲೆಯೇ ಹೊರಿಸಬೇಕಾಗುತ್ತದೆ.